ಮಳೆಗಾಡಿನ ಕಿರುಗಪಿಗಳು

೧

ಜೀವನು ಭಗವಂತನನ್ನು ಸೇರುವ ಬಗೆಯನ್ನು ವಿವರಿಸಲು ಶ್ರೀವೈಷ್ಣವರು ಎರಡು ನ್ಯಾಯಗಳನ್ನು ಹೇಳುವುದುಂಟು. ಬೆಕ್ಕು ತನ್ನ ಮರಿಯನ್ನು ತಾನೇ ಕಚ್ಚಿಕೊಂಡು ಒಯ್ಯುವುದು. ಮರಿಯ ಪ್ರಯತ್ನವೇನೂ ಅಲ್ಲಿ ಬೇಕಾಗಿಲ್ಲ. ಇದು ಮಾರ್ಜಾಲಕಿಶೋರನ್ಯಾಯ. ಕೋತಿಯ ಮರಿಯಾದರೋ ತಾಯಿಯ ಹೊಟ್ಟೆಯನ್ನು ತಾನಾಗಿ ಅವುಚಿ ಹಿಡಿದಿರಬೇಕು. ಹಿಡಿತ ಸಡಿಲಿದರೆ ಬೀಳುವುದೇ ಸರಿ. ಇದು ಮರ್ಕಟಕಿಶೋರನ್ಯಾಯ. ಮೊದಲನೆಯದು ತೆಂಗಲೆಯವರಿಗೂ ಎರಡನೆಯದು ವಡಗಲೆಯವರಿಗೂ ಸಮ್ಮತವಾದುದೆಂಬುದು ಪ್ರಸಿದ್ಧವಾಗಿಯೇ ಇದೆ.

ಈ ಎರಡನೆಯ ದೃಷ್ಟಾಂತವು ದಕ್ಷಿಣ ಹಿಂದೂಸ್ಥಾನದ ಕೋತಿಗಳ ಮಟ್ಟಿಗೆ ದಿಟವಾದುದು. ಮರಿ ಒಂದು, ಅದನ್ನು ಹೊರುವ ತಾಯಿ ಒಬ್ಬಳು. ಇವರ ನಡುವೆ ಮೂರನೆಯವರಿಗೆ ಹೆಚ್ಚಿನ ಕೆಲಸವಿಲ್ಲ. ಆದರೆ ದಕ್ಷಿಣ ಅಮೆರಿಕದ ಮಳೆಗಾಡುಗಳಲ್ಲಿ ವಾಸಿಸುವ ಒಂದು ಕಪಿಕುಲಕ್ಕೆ ಈ ನ್ಯಾಯವು ಅರ್ಧ ಮಾತ್ರವೇ ಸಲ್ಲುತ್ತದೆ. ಅಲ್ಲಿಯೂ ಮರಿ ತಾನೇ ಹಿಡಿದುಕೊಳ್ಳುತ್ತದೆ. ಆದರೆ ಅದು ಹಿಡಿದುಕೊಂಡಿರುವ ಬೆನ್ನು ಬಹುಮಟ್ಟಿಗೆ ತಾಯಿಯದಲ್ಲ, ತಂದೆಯದು, ಅಣ್ಣನದು ಅಥವಾ ಅಕ್ಕನದು. ಹಾಲೂಡುವ ಹೊತ್ತಿಗೆ ಮಾತ್ರ ಅದು ತಾಯಿಯ ಬಳಿಗೆ ಬರುತ್ತದೆ. ಹೀಗಾಗಲು ಕಾರಣವೇನೆಂದು ವಿಚಾರಿಸುತ್ತ ಹೋದರೆ ಆ ಪ್ರಾಣಿಗಳ ದೇಹ, ಆಹಾರ, ಸಂಸಾರ, ನೆಲೆ ಇವೆಲ್ಲವೂ ಒಂದಕ್ಕೊಂದು ಹೆಣೆದುಕೊಂಡಿರುವುದು ಕಾಣಬರುತ್ತದೆ. ಅವುಗಳನ್ನು ಅಳಿವಿನಿಂದ ಉಳಿಸಲು ನಡೆದ ಪ್ರಯತ್ನಗಳ ಸೋಲುಗೆಲವುಗಳಿಗೂ ಇದೇ ಹೆಣಿಗೆಯೇ ಕಾರಣವಾಯಿತು.

೨

ಕನ್ನಡದಲ್ಲಿ ಕಪಿಗಳ ಹೆಸರಿಗೆ ಕೊರತೆಯಿಲ್ಲ. ಕೋತಿ, ಮಂಗ, ಕೋಡಗ, ಮುಸುವ, ಸಿಂಗಳೀಕ ಎಂಬ ಮಾತುಗಳು ಬಳಕೆಯಲ್ಲಿವೆ. ಆದರೆ ಇವೆಲ್ಲವೂ ಹಳೆಯ ಪ್ರಪಂಚದ ಕಪಿಗಳನ್ನು ಕುರಿತವು. ಇಲ್ಲಿ ಹೇಳತಕ್ಕ ಕಿರುಗಪಿಗಳು ಮಧ್ಯ ಅಮೆರಿಕದ ಪನಾಮದಿಂದ ತೆಂಕಣ ಬ್ರೆಜಿಲಿನವರೆಗೆ ಹರಡಿಕೊಂಡಿರುವುವು. ಪ್ರಾಣಿಶಾಸ್ತ್ರಜ್ಞರು ಇವುಗಳ ಕುಲವನ್ನು ಕ್ಯಾಲಿಟ್ರಿಕಿಡೆ ಎಂದು ಕರೆಯುತ್ತಾರೆ. ಅದು ಗ್ರೀಕ್ ಭಾಷೆಯಲ್ಲಿ ಚೆಲುವಾದ ಕೂದಲುಳ್ಳದ್ದು ಎಂಬರ್ಥದ ಪದದಿಂದ ಬಂದುದು. ಹೆಸರು ಅನ್ವರ್ಥವೇ ಸರಿ. ಇವುಗಳಲ್ಲಿ ಕೆಲವಕ್ಕೆ ಕಿವಿಯ ಮೇಲೆ ಬಿಳಿಯ ಕುಚ್ಚು, ಕೆಲವಕ್ಕೆ ಇಳಿಬಿದ್ದ ಬೆಳ್ಳನೆಯ ಮೀಸೆ, ಕೆಲವಕ್ಕೆ ಕೇಸರ. ಈ ಕುಲದಲ್ಲಿ ನಲವತ್ತಕ್ಕೂ ಮಿಕ್ಕ ಜಾತಿಗಳುಂಟು. ಅವುಗಳಲ್ಲಿ ಮಾರ್ಮೊಸೆಟ್‌ಗಳು, ಟ್ಯಾಮರಿನ್‌ಗಳು, ಸಿಂಹಕಪಿಗಳು ಎಂಬ ಮೂರು ಪಂಗಡಗಳು ಮುಖ್ಯವಾದುವು.

ಸಿಂಹಕಪಿಯೆಂಬ ಹೆಸರನ್ನು ಕೇಳಿ ಸಹ್ಯಾದ್ರಿಯ ಸಿಂಗಳೀಕದೊಡನೆ ಇದನ್ನು ಬೆರಸಬಾರದು. ಸಿಂಗಳೀಕಕ್ಕೆ ಇಂಗ್ಲಿಷಿನಲ್ಲಿ ಸಿಂಹದ ಹೆಸರು ಬಂದಿರುವುದು ಬಾಲದ ತುದಿಯ ಕುಚ್ಚಿನಿಂದ. ಬ್ರೆಜಿಲಿನ ಕಪಿಗೆ ಬಂದಿರುವುದು ಮುಖವನ್ನು ಸುತ್ತಿರುವ ಕೇಸರದಿಂದ. ಒಂದು ದೊಡ್ಡ ಕೋತಿ, ಇನ್ನೊಂದು ಅಳಿಲಿಗಿಂತ ತುಸು ಮಿಗಿಲಾದುದು. ಇವೆರಡಕ್ಕೂ ಸಮೀಪದ ನಂಟಿಲ್ಲ.

ಇವುಗಳ ಗಾತ್ರವನ್ನು ಅಂಕೆಗಳಲ್ಲಿ ಹೇಳಿದರೆ ವಿಷಯ ಸ್ಪಷ್ಟವಾದೀತು. ಹೊಂಬಣ್ಣದ ಸಿಂಹಕಪಿಯ ತೂಕ ಸುಮಾರು ೬೦೦ ಗ್ರಾಂ. ಅಮೆಜಾನ್ ನದಿಯ ಪಡುವಣ ಪ್ರಾಂತದ ಕುಬ್ಜ ಮಾರ್ಮೊಸೆಟ್ ಬೆಳೆದ ಮೇಲೂ ಸುಮಾರು ೧೨೦ ಗ್ರಾಂ ಮಾತ್ರ ತೂಗುತ್ತದೆ. ಪ್ರಪಂಚದ ಕಪಿಗಳಲ್ಲೆಲ್ಲ ಇದೇ ಅತಿ ಕಿರಿದು. ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಸ್ಪಿಕ್ಸ್ ಎಂಬಾತನು ಇದನ್ನು ೧೮೨೩ರಲ್ಲಿ ಶಾಸ್ತ್ರಲೋಕಕ್ಕೆ ಪರಿಚಯ ಮಾಡಿಕೊಟ್ಟನು.

೩

ಇವುಗಳ ಬೆರಳುಗಳಲ್ಲಿ, ಕಾಲಿನ ಹೆಬ್ಬೆರಳೊಂದನ್ನು ಬಿಟ್ಟು, ಚಪ್ಪಟೆಯಾದ ಉಗುರುಗಳಿಗೆ ಬದಲಾಗಿ ಮೊನಚಾದ ಪಂಜುಗುರುಗಳಿವೆ. ಇತರ ಕಪಿಗಳಲ್ಲಿ ಇದು ಕಾಣದು. ಆದಕಾರಣ ಹಿಂದಿನ ಪ್ರಾಣಿಶಾಸ್ತ್ರಜ್ಞರು ಇವು ಕಪಿವಂಶದ ಆದಿಸ್ಥಿತಿಯಲ್ಲಿಯೇ ಉಳಿದುಬಿಟ್ಟ ಪ್ರಾಣಿಗಳೆಂದು ಭಾವಿಸಿದ್ದರು. ಈಗಿನ ವಿದ್ವಾಂಸರ ಅಭಿಪ್ರಾಯ ಇದಕ್ಕೆ ತದ್ವಿರುದ್ಧವಾದುದು. ಇವುಗಳ ಪೂರ್ವಿಕರು ಇವಕ್ಕಿಂತ ದೊಡ್ಡವಾಗಿದ್ದು, ತಲೆತಲಾಂತರದಲ್ಲಿ ಕಿರಿದಾಗುತ್ತ ಬಂದರೆಂಬುದೇ ಅವರ ಮತ. ಇದಕ್ಕೆ ಸಾಕ್ಷ್ಯವು ದೇಹದಲ್ಲಿಯೇ ಉಂಟು. ಆ ಪಂಜುಗುರುಗಳು ರಚನೆಯಲ್ಲಿ ಮಾರ್ಪಟ್ಟ ಉಗುರುಗಳೇ ಆಗಿವೆ. ಅಮೆರಿಕದ ಇತರ ಕಪಿಗಳಿಗೆ ದವಡೆಯ ಒಂದೊಂದು ಪಕ್ಕದಲ್ಲಿ ಮೂರು ಅರೆಯುವ ಹಲ್ಲುಗಳಿದ್ದರೆ ಇವಕ್ಕೆ ಎರಡೇ. ಗರ್ಭಕೋಶವು ಒಂದೇ ಮರಿಯನ್ನು ಹೊರುವ ಪ್ರಾಣಿಗಳ ಗರ್ಭಕೋಶದಂತೆ ಇದ್ದರೂ ಹುಟ್ಟುವುದು ಸಾಮಾನ್ಯವಾಗಿ ಅವಳಿಮರಿಗಳು. ಗೋಲ್ಡಿಯ ಕಪಿಯೆಂಬ ಜಾತಿಯೊಂದು ಈ ಕುಲಕ್ಕೆ ಸೇರಿದುದಾದರೂ ಮೂರನೆಯ ಹಲ್ಲನ್ನು ಉಳಿಸಿಕೊಂಡಿದೆ. ಒಂದೇ ಮರಿಯನ್ನು ಈಯುತ್ತದೆ. ಹಾಗಾಗಿ ಈ ಕಪಿಗಳ ಕಿರಿದುತನವು ಬೆಳೆಯಲಾರದ ಕೊರತೆಯಲ್ಲ, ಗಳಿಸಿಕೊಂಡ ಗುಣ.

ಗಳಿಸಿಕೊಂಡುದರಿಂದ ಲಾಭವೇನು? ದೊಡ್ಡ ಕಪಿಯ ಭಾರವನ್ನು ತಾಳದ ತೆಳುಗೊಂಬೆಗಳ ಮೇಲೆ ಇವು ಓಡಾಡಬಲ್ಲವು. ಕೈಯಿಂದ ಅಪ್ಪಲಾಗದ ದಪ್ಪ ಬೊಡ್ಡೆಗಳಿಗೂ ಪಂಜುಗುರುಗಳನ್ನೂರಿ ಅಳಿಲುಗಳಂತೆ ಅಂಟಿಕೊಂಡು ನಿಲ್ಲಬಲ್ಲವು. ಹೀಗೆ ನಿಲ್ಲಬಲ್ಲುದರಿಂದಲೇ ಇತರ ಕಪಿಗಳಿಗೆ ಸುಲಭವಲ್ಲದ ಒಂದು ಆಹಾರ ಇವಕ್ಕೆ ದೊರಕಿದೆ. ಅದು ಮರದ ಅಂಟು. ಮಾರ್ಮೊಸೆಟ್‌ಗಳ ಕೆಳದವಡೆಯ ಬಾಚಿಹಲ್ಲುಗಳು ಕೋರೆಹಲ್ಲುಗಳಷ್ಟೇ ಉದ್ದವಾಗಿ ಬೆಳೆದು ಉಳಿಯಂತೆ ಕೆಲಸ ಮಾಡುತ್ತವೆ. ಅವುಗಳಿಂದ ತೊಗಟೆಯಲ್ಲಿ ಕುಳಿ ತೋಡಿ, ಒಸರಿದ ಅಂಟನ್ನು ನೆಕ್ಕಿ, ಮರುದಿನ ಮತ್ತೆ ಅದೇ ಕುಳಿಗೆ ಬರುತ್ತವೆ. ಕುಬ್ಜ ಮಾರ್ಮೊಸೆಟ್ಟಿನ ಸಂಸಾರವೊಂದು ಇಂತಹ ಕೆಲವು ಮರಗಳನ್ನು ಆಶ್ರಯಿಸಿ, ಸಾಮಾನ್ಯವಾಗಿ ಒಂದು ಹೆಕ್ಟೇರಿನೊಳಗೇ ಬಾಳುತ್ತದೆ. ಆ ಮರಗಳು ಬತ್ತಿದ ಮೇಲೆ ಬೇರೆ ಮರಗಳನ್ನು ಅರಸಿಕೊಂಡು ಹೋಗುತ್ತದೆ. ಅಂಟು ಸುಲಭವಾಗಿ ಜೀರ್ಣವಾಗತಕ್ಕ ವಸ್ತುವಲ್ಲ. ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿ ಜೀರ್ಣಿಸಿಕೊಡುತ್ತವೆ. ಈ ಕಪಿಗಳು ತಿನ್ನುವ ಹುಳುಹುಪ್ಪಟೆಗಳಲ್ಲಿ ಸುಣ್ಣದ ಅಂಶ ಕಡಮೆ. ಅಂಟಿನಲ್ಲಿ ಅದು ಹೆಚ್ಚು. ಹೀಗೆ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ.

ಟ್ಯಾಮರಿನ್‌ಗಳಿಗೂ ಸಿಂಹಕಪಿಗಳಿಗೂ ಇಂತಹ ಹಲ್ಲುಗಳಿಲ್ಲ. ಅವು ತಾನಾಗಿ ಒಸರಿದ ಅಂಟನ್ನು ತಿನ್ನುವುವೇ ಹೊರತು ಕುಳಿ ತೋಡಲಾರವು. ಹಣ್ಣು, ಹೂವಿನ ರಸ, ಹುಳು, ಚಿಕ್ಕ ಕಪ್ಪೆ, ಹಲ್ಲಿ ಇವೇ ಅವುಗಳ ಮುಖ್ಯ ಆಹಾರ. ಸಿಂಹಕಪಿಯ ಕೈಬೆರಳುಗಳು ನೀಳವಾಗಿವೆ. ಮರದ ಮೇಲೆ ಬೆಳೆಯುವ ಅನಾನಸಿನ ಜಾತಿಯ ಗಿಡಗಳ ಎಲೆಸಂದುಗಳಲ್ಲಿ, ತೊಗಟೆಯ ಬಿರುಕುಗಳಲ್ಲಿ ಬೆರಳಿಳಿಸಿ ಅಡಗಿದ ಹುಳುಗಳನ್ನು ಅದು ಹೊರಕ್ಕೆಳೆಯುತ್ತದೆ. ಇಂತಹ ಆಹಾರವು ಎಲ್ಲ ಕಡೆಗೂ ಚದರಿಕೊಂಡಿರುವುದರಿಂದ ಒಂದು ಗುಂಪಿಗೆ ಸುಮಾರು ೪೦ ಹೆಕ್ಟೇರ್‌ಗಳಷ್ಟು, ಕೆಲವೆಡೆ ಅದಕ್ಕೂ ಹೆಚ್ಚು, ಕಾಡು ಬೇಕಾಗುತ್ತದೆ. ಪ್ರಾಣಿ ಕಿರಿದಾದರೂ ಅದರ ನೆಲೆ ಕಿರಿದಲ್ಲ.

೪

ಕಿರಿದಾದ ದೇಹವು ತಾಯಿಗೆ ಒಂದು ಕಷ್ಟವನ್ನೂ ತಂದಿದೆ. ಸಣ್ಣ ಪ್ರಾಣಿಗಳ ಮರಿಗಳು ತಾಯಿಯ ಗಾತ್ರಕ್ಕೆ ಹೋಲಿಸಿದರೆ ದೊಡ್ಡವು. ಇಲ್ಲಿ ಮರಿಗಳು ಎರಡು. ಹುಟ್ಟುವಾಗಲೇ ಅವೆರಡರ ತೂಕ ಸೇರಿ ತಾಯಿಯ ತೂಕದ ಐದನೆಯ ಒಂದು ಪಾಲಿನಷ್ಟು ಆಗಬಹುದು. ಈ ಭಾರವನ್ನು ಹೊತ್ತು, ಹಾಲೂಡಿಸುತ್ತ, ಕೊಂಬೆಯಿಂದ ಕೊಂಬೆಗೆ ಹಾರುತ್ತ ಆಹಾರವನ್ನು ದೊರಕಿಸಿಕೊಳ್ಳುವುದು ಒಬ್ಬಳಿಂದ ಆಗತಕ್ಕ ಕೆಲಸವಲ್ಲ. ಸಾಲದುದಕ್ಕೆ ಮಾರ್ಮೊಸೆಟ್ ತಾಯಿ ಹೆತ್ತ ಕೆಲವೇ ದಿನಗಳಲ್ಲಿ ಮತ್ತೆ ಗರ್ಭವನ್ನು ಧರಿಸಬಲ್ಲಳು. ಆದುದರಿಂದಲೇ ಹೊರುವ ಹೊಣೆ ಗುಂಪಿನ ಇತರರ ಮೇಲೆ ಬಿದ್ದಿದೆ. ಕೆಲವು ಜಾತಿಗಳಲ್ಲಿ ತಂದೆಯು ಹುಟ್ಟಿದ ದಿನಗಳಿಂದಲೇ ಮರಿಗಳನ್ನು ಹೊರುತ್ತಾನೆ. ಸಿಂಹಕಪಿಗಳಲ್ಲಿ ಮೊದಲ ಒಂದೆರಡು ವಾರ ಹೆಚ್ಚಾಗಿ ತಾಯಿಯೇ ಹೊತ್ತು, ಬಳಿಕ ಇತರರು ಹೆಗಲು ಕೊಡುತ್ತಾರೆ. ಇದು ಸುಮ್ಮನೆ ಆಗುವ ಉಪಕಾರವೂ ಅಲ್ಲ. ಬಿಳಿಜುಟ್ಟಿನ ಟ್ಯಾಮರಿನ್‌ಗಳಲ್ಲಿ ಮರಿ ಹೊರುವ ಗಂಡುಗಳು ಆ ವಾರಗಳಲ್ಲಿ ತೂಕ ಕಳೆದುಕೊಳ್ಳುವುದನ್ನು ಅಳೆದು ಕಂಡಿದ್ದಾರೆ.

ಅವಳಿಗಳ ವಿಷಯದಲ್ಲಿ ಮತ್ತೊಂದು ಆಶ್ಚರ್ಯವುಂಟು. ಗರ್ಭದಲ್ಲಿರುವಾಗ ಎರಡು ಮರಿಗಳ ರಕ್ತನಾಳಗಳು ಮಾಸಿನಲ್ಲಿ ಕೂಡಿಕೊಂಡು, ಒಂದರ ರಕ್ತಕಣಗಳನ್ನು ಹುಟ್ಟಿಸುವ ಜೀವಕೋಶಗಳು ಮತ್ತೊಂದರ ದೇಹದಲ್ಲಿ ನೆಲೆಸಿಬಿಡುತ್ತವೆ. ಹೀಗೆ ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಸೋದರರು ಬಾಳಿನುದ್ದಕ್ಕೂ ಒಬ್ಬರ ರಕ್ತವನ್ನೊಬ್ಬರು ಧರಿಸಿಕೊಂಡಿರುತ್ತಾರೆ.

ಇದನ್ನೆಲ್ಲ ಓದಿದವರಿಗೆ ಅವಿಭಕ್ತ ಕುಟುಂಬದ ನೆನಪಾಗುವುದು ಸಹಜ. ಹೋಲಿಕೆಯು ಕೆಲಮಟ್ಟಿಗೆ ಸರಿ. ಆದರೆ ಅದನ್ನು ಬಹಳ ದೂರ ಒಯ್ಯಬಾರದು. ಈ ಸಂಸಾರದಲ್ಲಿ ಸಾಮಾನ್ಯವಾಗಿ ಒಬ್ಬಳೇ ಹೆರುವವಳು. ಬೆಳೆದ ಹೆಣ್ಣುಮಕ್ಕಳು ಜೊತೆಯಲ್ಲಿದ್ದರೂ ಹೆರುವುದು ಅಪರೂಪ. ಮಾರ್ಮೊಸೆಟ್‌ಗಳಲ್ಲಿ ಹಿರಿಯ ಹೆಣ್ಣಿನ ಸಾನ್ನಿಧ್ಯದಿಂದಲೂ ವಾಸನೆಯಿಂದಲೂ ಕಿರಿಯರ ಋತುಕಾರ್ಯವೇ ನಿಂತುಹೋಗುವುದುಂಟು. ಕಿರಿಯಳು ಹೆತ್ತರೆ ಹಿರಿಯಳು ಆ ಮರಿಗಳನ್ನು ಕೊಂದ ನಿದರ್ಶನಗಳೂ ಇವೆ. ಗಂಡುಗಳ ವಿಷಯದಲ್ಲಿಯೂ ಹಿಂದಿನ ಕಲ್ಪನೆ ಪೂರ್ತಿ ನಿಲ್ಲಲಿಲ್ಲ. ಇವು ಏಕಪತ್ನೀವ್ರತಸ್ಥವಾದ ದಂಪತಿಗಳೆಂದು ಬಹುಕಾಲ ನಂಬಲಾಗಿತ್ತು. ಪೆರು ದೇಶದ ಮನು ರಕ್ಷಿತಾರಣ್ಯದಲ್ಲಿ ಆನ್ ಗೋಲ್ಡಿಜನ್ ಎಂಬ ವಿದುಷಿಯು ಒಂದು ಟ್ಯಾಮರಿನ್ ಜಾತಿಯನ್ನು ವರ್ಷಗಟ್ಟಲೆ ಗಮನಿಸಿ, ಒಂದು ಹೆಣ್ಣಿನೊಡನೆ ಎರಡು ಗಂಡುಗಳು ಕೂಡಿ ಬಾಳಿ ಇಬ್ಬರೂ ಮರಿಗಳನ್ನು ಹೊರುವುದನ್ನು ೧೯೮೭ರಲ್ಲಿ ಪ್ರಕಟಿಸಿದಳು. ಹೊರಲು ಅಣ್ಣ ಅಕ್ಕಂದಿರು ಇಲ್ಲದ ಸಂಸಾರಕ್ಕೆ ಎರಡನೆಯ ಗಂಡೇ ಆಸರೆ. ಇಲ್ಲಿಯ ಕಟ್ಟಳೆಯನ್ನು ನಿರ್ಣಯಿಸುವುದು ನೀತಿಯಲ್ಲ, ಹೆಗಲುಗಳ ಲೆಕ್ಕ.

ಹೊರುವುದರೊಡನೆ ಕಲಿಸುವುದೂ ಉಂಟು. ಸಿಂಹಕಪಿಗಳ ಹಿರಿಯರು ಹುಳುವನ್ನು ಹಿಡಿದಾಗ ಒಂದು ವಿಶೇಷವಾದ ಕೂಗನ್ನು ಕೂಗುತ್ತಾರೆ. ಮರಿಗಳು ಓಡಿ ಬಂದು ಅದನ್ನು ಕೈಯಿಂದ ತೆಗೆದುಕೊಳ್ಳುತ್ತವೆ. ಮರಿಗಳು ಬೆಳೆದಂತೆ ಹಿರಿಯರು ಹುಳುವನ್ನು ಹಿಡಿಯದೆ, ಅದು ಅಡಗಿರುವ ಜಾಗದ ಬಳಿ ನಿಂತು ಕೂಗುವುದನ್ನು ನೋಡಿದ್ದಾರೆ. ಮರಿ ಅಲ್ಲಿ ಬೆರಳಿಟ್ಟು ತಾನೇ ಹುಡುಕಬೇಕು. ಯಾವ ಹಣ್ಣು ತಿನ್ನತಕ್ಕದ್ದು, ಯಾವ ಪೊಟರೆಯಲ್ಲಿ ರಾತ್ರಿ ಮಲಗತಕ್ಕದ್ದು, ಗಿಡುಗದ ನೆರಳು ಕಂಡಾಗ ಏನು ಮಾಡತಕ್ಕದ್ದು ಎಂಬ ಅರಿವು ಹೀಗೆ ಒಂದು ತಲೆಮಾರಿನಿಂದ ಮತ್ತೊಂದಕ್ಕೆ ಸಂಸಾರದೊಳಗೇ ಹರಿದುಬರುತ್ತದೆ.

೫

ಈ ಸಂಸಾರಧರ್ಮವನ್ನು ತಿಳಿಯದೆ ಈ ಪ್ರಾಣಿಯನ್ನು ಉಳಿಸಲಾಗದೆಂಬುದಕ್ಕೆ ಹೊಂಬಣ್ಣದ ಸಿಂಹಕಪಿಯ ಚರಿತ್ರೆಯೇ ಪ್ರಮಾಣ. ಬ್ರೆಜಿಲಿನ ಜನರು ಪೋರ್ಚುಗೀಸ್ ಭಾಷೆಯಲ್ಲಿ ಇದನ್ನು ಹೊನ್ನಿನ ಸಿಂಹಕಪಿಯೆಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ. ೨೦೦೨ರಲ್ಲಿ ಹೊರಟ ಆ ದೇಶದ ೨೦ ರಿಯಾಲ್‌ಗಳ ನೋಟಿನ ಮೇಲೆ ಇದರ ಚಿತ್ರವಿದೆ. ಇದರ ನೆಲೆ ಅಮೆಜಾನ್ ಅಲ್ಲ. ರಿಯೊ ಡಿ ಜನೈರೊ ಸಂಸ್ಥಾನದ, ಅಟ್ಲಾಂಟಿಕ್ ಕರಾವಳಿಯ ತಗ್ಗುನೆಲದ ಮಳೆಗಾಡು. ನಗರಗಳು, ಕಬ್ಬು, ಕಾಫಿ, ಹುಲ್ಲುಗಾವಲು ಇವುಗಳಿಗಾಗಿ ಆ ಕಾಡಿನ ಬಹುಭಾಗ ನಾಶವಾಯಿತು. ಚೆಲುವಿನ ಕಾರಣದಿಂದ ಪ್ರಾಣಿಯನ್ನು ಹಿಡಿದು ಮಾರುವುದೂ ನಡೆಯಿತು. ಆಡೆಲ್ಮಾರ್ ಕೊಯಿಂಬ್ರ ಫಿಲ್ಯೊ ಎಂಬ ಬ್ರೆಜಿಲಿನ ಜೀವಶಾಸ್ತ್ರಜ್ಞನು ಇದರ ಅಳಿವನ್ನು ಕುರಿತು ಮೊದಲು ಎಚ್ಚರಿಕೆ ಕೊಟ್ಟವರಲ್ಲಿ ಮುಖ್ಯನು. ೧೯೭೦ರ ಸುಮಾರಿಗೆ ಕಾಡಿನಲ್ಲಿ ಉಳಿದಿದ್ದುವು ಕೇವಲ ಇನ್ನೂರರಷ್ಟೆಂದು ಅಂದಾಜು ಮಾಡಲಾಗಿತ್ತು. ೧೯೭೨ರಲ್ಲಿ ವಾಷಿಂಗ್ಟನ್ ನಗರದಲ್ಲಿ ಇದಕ್ಕಾಗಿಯೇ ವಿದ್ವಾಂಸರ ಸಭೆ ಸೇರಿತು. ೧೯೭೪ರಲ್ಲಿ ಪೊಸೊ ದಾಸ್ ಆಂಟಾಸ್ ಎಂಬ ರಕ್ಷಿತಾರಣ್ಯವು ಸ್ಥಾಪಿತವಾಯಿತು.

ಆ ಕಾಲದಲ್ಲಿ ಮೃಗಾಲಯಗಳಲ್ಲಿದ್ದ ಸಿಂಹಕಪಿಗಳೂ ಕಡಮೆಯಾಗುತ್ತ ಬಂದಿದ್ದುವು. ಕಾರಣವನ್ನು ಶೋಧಿಸಿದವರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದ ಡೆವ್ರಾ ಕ್ಲೈಮನ್ ಪ್ರಮುಖಳು. ಬೆಳೆದ ಹೆಣ್ಣುಗಳನ್ನು ಒಂದೇ ಪಂಜರದಲ್ಲಿ ಕೂಡಿದರೆ ಅವು ಕಾದಾಡಿ ಸಾಯುತ್ತವೆ. ಆದುದರಿಂದ ಒಂದು ಜೋಡಿಯನ್ನೂ ಅದರ ಮಕ್ಕಳನ್ನೂ ಮಾತ್ರ ಒಟ್ಟಿಗೆ ಇಡಬೇಕು. ಹಣ್ಣಿನೊಡನೆ ಹುಳುಗಳೂ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮರಿಗಳನ್ನು ಬೇಗ ಬೇರ್ಪಡಿಸಬಾರದು. ತಮ್ಮ ತಂಗಿಯರನ್ನು ಹೊತ್ತು ಅಭ್ಯಾಸವಿಲ್ಲದ ಕಪಿ ಮುಂದೆ ತನ್ನ ಮರಿಗಳನ್ನು ಸಾಕಲು ಅರಿಯದೆ ಹೋಗುತ್ತದೆ. ಇಷ್ಟನ್ನು ತಿಳಿದು ನಡೆದ ಮೇಲೆ, ೧೯೮೦ರ ದಶಕದ ಮಧ್ಯದ ಹೊತ್ತಿಗೆ ಮೃಗಾಲಯಗಳಲ್ಲಿ ಇವುಗಳ ಸಂಖ್ಯೆ ನೂರಾರಕ್ಕೆ ಏರಿತು.

೧೯೮೪ರಲ್ಲಿ ಮೊದಲ ತಂಡವನ್ನು ಬ್ರೆಜಿಲಿನ ಕಾಡಿಗೆ ಬಿಟ್ಟರು. ಆಗ ಎರಡನೆಯ ಪಾಠವಾಯಿತು. ಕಬ್ಬಿಣದ ಸರಳುಗಳಿಗೂ ಅಲುಗದ ಕೊಂಬೆಗಳಿಗೂ ಒಗ್ಗಿದ್ದ ಆ ಪ್ರಾಣಿಗಳು ಬಳುಕುವ ರೆಂಬೆಗಳಲ್ಲಿ ದಾರಿ ಕಾಣದೆ ಬಿದ್ದುವು. ಆಹಾರವನ್ನು ಹುಡುಕಲು ಅರಿಯವು. ಶತ್ರುವನ್ನು ಗುರುತಿಸಲು ಅರಿಯವು. ಅವುಗಳಲ್ಲಿ ಹೆಚ್ಚಿನವು ಬಹುಬೇಗ ಸತ್ತುವು. ಬಿಡುವ ಮೊದಲು ಕೊಟ್ಟ ಶಿಕ್ಷಣದಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ. ಬಿಟ್ಟ ಮೇಲೆ ತಿಂಗಳುಗಟ್ಟಲೆ ಆಹಾರವನ್ನಿಟ್ಟು ಕಾಪಾಡಿದುದೇ ಫಲಿಸಿತು. ಏಕೆಂದರೆ ಆ ಅವಧಿಯಲ್ಲಿ ಅವು ಕಾಡಿನಲ್ಲಿ ಮರಿಗಳನ್ನು ಹೆತ್ತುವು. ಕಾಡಿನಲ್ಲಿ ಹುಟ್ಟಿದ ಮರಿ ಕಾಡನ್ನು ಕಲಿತುಕೊಂಡಿತು. ೧೯೮೪ರಿಂದ ೨೦೦೦ದವರೆಗೆ ಹೀಗೆ ಬಿಟ್ಟ ಮೃಗಾಲಯದ ಕಪಿಗಳು ೧೪೬. ಕಾಡಿನ ಕಪಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಇವುಗಳ ಸಂತತಿಯೆಂದು ಗಣಿಸಲಾಗಿದೆ.

ಕಾಡು ತುಂಡುತುಂಡಾದುದರಿಂದ ಮೂರನೆಯ ತೊಡಕು ಬಂದಿತು. ಹೆರುವವಳು ಒಬ್ಬಳೇ ಆದ ಮೇಲೆ ಬೆಳೆದ ಮಕ್ಕಳು ಸಂಗಾತಿಯನ್ನು ಅರಸಿಕೊಂಡು ಹೊರಗೆ ಹೋಗಲೇಬೇಕು. ಸುತ್ತಲೂ ಹುಲ್ಲುಗಾವಲಿರುವ ಕಾಡಿನ ತುಂಡಿನಲ್ಲಿ ಹೋಗುವುದಾದರೂ ಎಲ್ಲಿಗೆ? ಮರ ಬಿಟ್ಟು ನೆಲಕ್ಕಿಳಿದು ಬಯಲನ್ನು ದಾಟಲು ಈ ಪ್ರಾಣಿ ಅಂಜುತ್ತದೆ. ಹೋಗದೆ ಉಳಿದರೆ ರಕ್ತಸಂಬಂಧಿಗಳಲ್ಲಿಯೇ ಕೂಡಿಕೆಯಾಗಿ ಸಂತತಿ ಕ್ಷೀಣವಾಗುತ್ತದೆ. ಇದಕ್ಕಾಗಿ ೧೯೯೦ರ ದಶಕದಲ್ಲಿ ಒಂಟಿ ತುಂಡುಗಳಲ್ಲಿ ಸಿಕ್ಕಿಬಿದ್ದಿದ್ದ ಆರು ಗುಂಪುಗಳನ್ನು ಗುಂಪುಗುಂಪಾಗಿಯೇ ದೊಡ್ಡ ಕಾಡೊಂದಕ್ಕೆ ಸಾಗಿಸಿದರು; ಆ ಕಾಡು ೧೯೯೮ರಲ್ಲಿ ಉನಿಯಾವ್ ಎಂಬ ರಕ್ಷಿತಾರಣ್ಯವಾಯಿತು. ೧೯೯೨ರಲ್ಲಿ ಈ ಪ್ರಾಣಿಯ ಹೆಸರಿನಲ್ಲಿಯೇ ಸ್ಥಾಪಿತವಾದ ಸಂಘವು ಜಮೀನುದಾರರನ್ನು ಒಲಿಸಿ ಕಾಡಿನ ತುಂಡುಗಳ ನಡುವೆ ಮರಗಳ ಸಾಲು ಬೆಳೆಸುತ್ತ ಬಂದಿದೆ. ಕಾಡನ್ನು ಸೀಳಿಕೊಂಡು ಹೋಗುವ ಹೆದ್ದಾರಿಯ ಮೇಲೆ ೨೦೨೦ರಲ್ಲಿ ಗಿಡಮರಗಳನ್ನು ನೆಟ್ಟ ಸೇತುವೆಯೊಂದು ಆಯಿತು. ಎರಡು ಸಾವಿರ ಕಪಿಗಳು ಇರುವುದಷ್ಟೇ ಸಾಲದು, ಒಂದಕ್ಕೊಂದು ಕೂಡಿಕೊಂಡ ೨೫,೦೦೦ ಹೆಕ್ಟೇರ್ ಕಾಡಿನಲ್ಲಿ ಇರಬೇಕು ಎಂಬುದೇ ಈ ಕಾರ್ಯದ ಗುರಿಯಾಗಿತ್ತು.

೬

೨೦೧೪ರ ಗಣತಿಯಲ್ಲಿ ಸಿಂಹಕಪಿಗಳು ಸುಮಾರು ೩,೭೦೦ ಎಂದು ತಿಳಿದುಬಂದಿತು. ಬಳಿಕ ಅನಿರೀಕ್ಷಿತವಾದ ಆಪತ್ತು ಬಂದಿತು. ೨೦೧೬ರ ಕೊನೆಯಲ್ಲಿ ಬ್ರೆಜಿಲಿನಲ್ಲಿ ಹಳದಿಜ್ವರವು ಹಬ್ಬಿತು. ಸೊಳ್ಳೆಗಳಿಂದ ಹರಡುವ ಈ ರೋಗ ಮನುಷ್ಯರಂತೆಯೇ ಕಪಿಗಳನ್ನೂ ಕೊಲ್ಲುತ್ತದೆ. ೨೦೧೮ರಲ್ಲಿ ಅದು ಸಿಂಹಕಪಿಗಳ ಕಾಡನ್ನು ಹೊಕ್ಕಿತು. ೨೦೧೯ರ ಹೊತ್ತಿಗೆ ಅವುಗಳ ಸಂಖ್ಯೆ ಸುಮಾರು ೨,೫೦೦ಕ್ಕೆ ಇಳಿದಿತ್ತು. ಮೂವತ್ತು ವರ್ಷಗಳ ದುಡಿಮೆಯ ಫಲದಲ್ಲಿ ಮೂರನೆಯ ಒಂದು ಪಾಲು ಎರಡು ವರ್ಷದೊಳಗೆ ಹೋಯಿತು. ರೋಗಕ್ಕೆ ಕಪಿಗಳೇ ಕಾರಣವೆಂದು ತಪ್ಪಾಗಿ ತಿಳಿದು ಜನರು ಹಲವೆಡೆ ಕಪಿಗಳನ್ನು ಕೊಂದುದೂ ಉಂಟು. ದಿಟವಾಗಿ ನೋಡಿದರೆ ಕಪಿಗಳ ಸಾವೇ ರೋಗ ಬರುತ್ತಿದೆಯೆಂದು ಜನರಿಗೆ ಮುಂಚಿತವಾಗಿ ತಿಳಿಸುವ ಎಚ್ಚರಿಕೆ.

ಕನ್ನಡ ನಾಡಿಗೆ ಈ ಸಂಗತಿ ಹೊಸದಲ್ಲ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕೋತಿಗಳೂ ಮುಸುವಗಳೂ ಸಾಯತೊಡಗಿದಾಗ, ಹಳದಿಜ್ವರವೇ ಹಿಂದೂಸ್ಥಾನಕ್ಕೆ ಬಂದಿತೋ ಎಂದು ವೈದ್ಯರು ಶಂಕಿಸಿದ್ದರು. ಅದು ಉಣುಗುಗಳಿಂದ ಹರಡುವ ಬೇರೊಂದು ರೋಗವೆಂದು ಬಳಿಕ ಗೊತ್ತಾಯಿತು. ಆದರೆ ಎರಡು ರೋಗಗಳ ವೈರಾಣುಗಳೂ ಒಂದೇ ಕುಲದವು. ಜನರು ಅದನ್ನು ಮಂಗನ ಕಾಯಿಲೆ ಎಂದು ಕರೆದರು. ಹೆಸರು ಮಂಗನ ಮೇಲೆ ತಪ್ಪು ಹೊರಿಸುವಂತೆ ತೋರಿದರೂ ಅಲ್ಲಿಯೂ ಮಂಗವು ರೋಗದಿಂದ ನರಳಿದ ಪ್ರಾಣಿಯೇ ಹೊರತು ರೋಗದ ಮೂಲವಲ್ಲ.

ಬ್ರೆಜಿಲಿನ ವಿದ್ವಾಂಸರು ೨೦೨೧ರಿಂದ ಕಾಡಿನ ಸಿಂಹಕಪಿಗಳನ್ನು ಹಿಡಿದು, ಮನುಷ್ಯರಿಗೆ ಕೊಡುವ ಹಳದಿಜ್ವರದ ಲಸಿಕೆಯನ್ನೇ ತಕ್ಕ ಪ್ರಮಾಣದಲ್ಲಿ ಚುಚ್ಚಿ ಬಿಡತೊಡಗಿದರು. ೨೦೨೩ರ ಗಣತಿಯಲ್ಲಿ ಸಂಖ್ಯೆ ಸುಮಾರು ೪,೮೦೦ಕ್ಕೆ ಏರಿತ್ತು. ಈ ಏರಿಕೆಯು ಸಂತೋಷದಾಯಕವಾದುದೇ ಸರಿ. ಆದರೆ ಕಾಡು ಇನ್ನೂ ತುಂಡುತುಂಡಾಗಿಯೇ ಇದೆ. ಬೇರೆಡೆಯಿಂದ ಜನರು ತಂದು ಬಿಟ್ಟ ಮಾರ್ಮೊಸೆಟ್‌ಗಳು ಅದೇ ಆಹಾರಕ್ಕೆ ಪೈಪೋಟಿಗೆ ನಿಂತಿವೆ. ತುಂಡುಗಳು ಕೂಡದಿದ್ದರೆ ಮುಂದಿನ ರೋಗವೋ ಬೆಂಕಿಯೋ ಒಂದೊಂದು ತುಂಡನ್ನು ಬರಿದುಮಾಡಿದಾಗ ಅದನ್ನು ತುಂಬಲು ನೆರೆಯ ಗುಂಪು ಬರಲಾರದು.

ಈ ಕಿರುಗಪಿಯನ್ನು ಒಂಟಿಯಾಗಿ ಪಂಜರದಲ್ಲಿಟ್ಟು ಉಳಿಸಲಾಗಲಿಲ್ಲ. ಕಲಿಸುವ ಹಿರಿಯರಿಲ್ಲದೆ ಕಾಡಿಗೆ ಬಿಟ್ಟು ಉಳಿಸಲಾಗಲಿಲ್ಲ. ನೆರೆಯವರಿಲ್ಲದ ತೋಪಿನಲ್ಲಿ ಕಾಪಾಡಿದರೂ ಬಹುಕಾಲ ಉಳಿಯದು. ಉಳಿಸಬೇಕಾದುದು ಪ್ರಾಣಿಯೊಂದನ್ನಲ್ಲ, ಅದನ್ನು ಹೊರುವ ಸಂಸಾರವನ್ನು. ಆ ಸಂಸಾರವೊಂದನ್ನಲ್ಲ, ಅಂತಹ ಹಲವು ಸಂಸಾರಗಳು ಒಂದರಿಂದೊಂದಕ್ಕೆ ಹೋಗಿಬರಬಲ್ಲ ಕಾಡನ್ನು. ಮರ್ಕಟಕಿಶೋರವು ಎಷ್ಟೇ ಬಿಗಿಯಾಗಿ ಹಿಡಿದರೂ ಹಿಡಿಯಲು ಒಂದು ಬೆನ್ನು ಬೇಕು, ಆ ಬೆನ್ನು ಸಾಗಲು ಕೊಂಬೆಗೆ ಕೊಂಬೆ ತಗುಲಿರಬೇಕು.